ಅಳಿಯ ಡಾಕ್ಟರ ಜಪಾನಿ ಕಾರು

ಅಳಿಯ ಡಾಕ್ಟರಿಗೆ ಸಿಟ್ಟು ಬಂದಿತ್ತು. ಇದರಲ್ಲಿ ಹೊಸದೇನೂ ಇಲ್ಲ. ಮದುವೆಯ ಮಾರನೆಯ ದಿನ ಬಂದ ಸಿಟ್ಟು ಅದು. ಇಷ್ಟು ವರ್ಷಗಳಲ್ಲಿ ಒಮ್ಮೊಮ್ಮೆ ಮಲಗಿ ನಿದ್ದೆ ಮಾಡಿದ್ದುಂಟು, ಮನೆ ಬಿಟ್ಟು ಹೋದದ್ದಿಲ್ಲ.

ಅವರು ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಕ್ಲಿನಿಕ್ಕು ಮಾವನದು. ಮನೆ ಮಾವನದು. ರೋಗಿಗಳು ಒರಗಿ ಕೂತು ನರಳುವ ಕುರ್ಚಿ ಮಾವನದು. ಕುರ್ಚಿಯ ಎದುರಿನ ಗೋಡೆಯಲ್ಲಿ ತೂಗುವ ಫೋಟೋ ಸಹ ಮಾವನದೇ. ಮಾವ ನಿವೃತ್ತರಾಗಿ ಬಹಳ ಕಾಲವಾಗಿತ್ತು, ಆದರೆ ಈ ಸಂಗತಿಯನ್ನು ಯಾರೂ ಅವರಿಗೆ ತಿಳಿಸಿದ ಹಾಗಿರಲಿಲ್ಲ. ಬೆಳಿಗ್ಗೆ ಅಳಿಯನಿಗಿಂತ ಮುಂಚೆ ಬಿಳಿ ಕೋಟು ತೊಟ್ಟು ಕೆಳಗಿಳಿಯುತ್ತಿದ್ದರು. ಅಳಿಯ ಯಾರದಾದರೂ ಬಾಯಿಯೊಳಗೆ ಬಗ್ಗಿದರೆ ಸಾಕು, ಅವರ ಭುಜದ ಮೇಲಿಂದ ತಾವೂ ಬಗ್ಗುತ್ತಿದ್ದರು. ರೋಗಿ ಕಣ್ಣು ಬಿಟ್ಟರೆ ಎರಡು ಮೂಗು ಕಾಣುತ್ತಿದ್ದವು. ಹೀಗಾಗಿ ಬೀದಿಗೆಲ್ಲ ಮಾವ "ಡಾಕ್ಟ್ರು", ಇವರು "ಅಳಿಯ ಡಾಕ್ಟ್ರು". ತಲೆ ಅರ್ಧ ನರೆತು, ಓದಲು ಒಂದು ನೋಡಲು ಒಂದು ಕನ್ನಡಕ ಬಂದ ಮೇಲೂ ಬಡ್ತಿ ಸಿಕ್ಕಿರಲಿಲ್ಲ.

ಇಬ್ಬರ ವೈದ್ಯವೂ ಬೇರೆ. ಮಾವ ಕೀಳುವವರು. ಹಲ್ಲು ನೋಯುತ್ತದೆಯೇ, ಕಿತ್ತುಬಿಡು, ನೋಯಲು ಹಲ್ಲೇ ಇರುವುದಿಲ್ಲ ಎಂಬುದು ಅವರ ಶಾಸ್ತ್ರ. ಅಳಿಯ ತುಂಬುವವರು. ಹುಳುಕನ್ನು ಒಂದು ಚೂರೂ ಬಿಡದಂತೆ ಕೆರೆದು, ಗಟ್ಟಿ ಹಲ್ಲು ಸಿಗುವ ತನಕ ಕೊರೆದು, ಆಮೇಲೆ ನಿಧಾನವಾಗಿ ತುಂಬಿ ನಯ ಮಾಡಿ ಕಳಿಸುವವರು. "ಇಷ್ಟು ಹೊತ್ತಿಗೆ ನಾನು ಆರು ಹಲ್ಲು ಕಿತ್ತಿರ್ತಿದ್ದೆ" ಎಂದು ಮಾವ ಭುಜದ ಹಿಂದಿನಿಂದ ಹೇಳುತ್ತಿದ್ದರು. ಅಳಿಯ ಡಾಕ್ಟರು ಮುಖಕ್ಕೆ ಕಟ್ಟಿದ ಬಟ್ಟೆಯ ಹಿಂದೆ ಏನೋ ಗೊಣಗುತ್ತಿದ್ದರು. ಏನೆಂದು ಕೇಳಿಸಿಕೊಂಡ ರೋಗಿಗಳು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಅಂದರೆ, ಬಿಟ್ಟೇ ಇರುತ್ತಿದ್ದರು.

ಇಂಥ ಮನುಷ್ಯನಿಗೆ ಒಂದೇ ಒಂದು ಆಸೆಯಿತ್ತು. ಮಾವ ಆರಿಸದ, ಮಾವನ ಕೈ ಸೋಕದ, ತಾನೇ ಹುಡುಕಿ ತಾನೇ ಇಷ್ಟಪಟ್ಟು ತಂದದ್ದು ಅಂತ ಜೀವಮಾನದಲ್ಲಿ ಏನಾದರೊಂದು ಇರಬೇಕು. ಅದು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಎಂದು ಅವರು ಯೌವನದಲ್ಲೇ ನಿಶ್ಚಯಿಸಿದ್ದರು. ತಗ್ಗಾದ ಮೈ, ಮಡಚುವ ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಬಾನೆಟ್ಟಿನಿಂದ ಎದ್ದು ನಿಲ್ಲುವ ದೀಪಗಳು. ರೋಗಿಗಳು ಓದಲಿ ಎಂದು ತರಿಸುತ್ತಿದ್ದ ಕಾರು ಪತ್ರಿಕೆಯನ್ನು ರೋಗಿಗಳಿಗೆ ಕೊಡದೆ ತಾವೇ ಅರೆದು ಕುಡಿದಿದ್ದರು. ಅಂಥ ಕಾರಿನಲ್ಲಿ ಏನೇನು ಕೆಟ್ಟಿರುತ್ತದೆ, ಮಾರುವವನು ಏನೇನು ಮುಚ್ಚಿಡುತ್ತಾನೆ, ಎಲ್ಲಿ ಮುಟ್ಟಿ ನೋಡಬೇಕು, ಎಲ್ಲಿ ಮೂಸಿ ನೋಡಬೇಕು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಕಾರು ಮಾತ್ರ ಇರಲಿಲ್ಲ.

ಅಂಥದೊಂದು ಮಾರಾಟಕ್ಕಿದೆ ಎಂದು ತಿಳಿದ ದಿನ ಊಟದ ಮೇಜಿನಲ್ಲಿ ಅವರು ಗಂಟಲು ಸರಿಮಾಡಿಕೊಂಡರು.

"ನಾನೊಂದು ಕಾರು ತಗೋತಿದೀನಿ."

"ನಾವೊಂದು ಕಾರು ತಗೋತಿದೀವಿ" ಎಂದು ಮಾವ ತಿದ್ದಿದರು. "ಯಾವುದು?"

ಅಳಿಯ ಡಾಕ್ಟರು ವಿವರಿಸಿದರು. ದೀಪ ಎದ್ದು ನಿಲ್ಲುವುದನ್ನು ಕೈಯೆತ್ತಿ ತೋರಿಸಿದರು.

"ಹಳೇದು, ಅದೂ ಕೆಂಪು. ನಿನ್ನ ವಯಸ್ಸಿಗೆ?" ಎಂದರು ಮಾವ. "ಒಬ್ಬನೇ ಹೋಗ್ಬೇಡ, ಟೋಪಿ ಹಾಕ್ತಾರೆ. ನಾನೂ ಬರ್ತೀನಿ."

"ಬೇಡ ಮಾವ."

"ಬೇಡ ಅನ್ನೋದಕ್ಕೆ ಏನಿದೆ ಇದರಲ್ಲಿ? ನನಗೇನೂ ಕೆಲಸ ಇಲ್ಲ."

ಅಳಿಯ ಡಾಕ್ಟರು ಸಹಾಯಕ್ಕಾಗಿ ಹೆಂಡತಿಯ ಮುಖ ನೋಡಿದರು. ಆಕೆ ಮಗಳಾಗಿ ಹುಟ್ಟಿ ಹೆಂಡತಿಯಾದ ಲಾಗಾಯ್ತಿನಿಂದ ಈ ಮೇಜಿನಲ್ಲಿ ಇಬ್ಬರ ನಡುವೆ ಕೂತು ಬೇಸತ್ತಿದ್ದರು. "ಇಬ್ರೂ ಹೋಗಿ ಬನ್ನಿ. ಒಂದು ಮಧ್ಯಾಹ್ನವಾದ್ರೂ ಈ ಮನೇಲಿ ಸದ್ದಿಲ್ದೆ ಇರ್ಲಿ" ಎಂದು ತಟ್ಟೆ ಎತ್ತಿಕೊಂಡು ಎದ್ದರು.

ಕ್ಲಿನಿಕ್ಕು ಮುಚ್ಚಿ ಹೊರಡುವಾಗ ಅಳಿಯ ಡಾಕ್ಟರು ಕೋಟು ಕಳಚಲು ಹೋದರು. ಮಾವ ತಡೆದರು. "ಕಾರಿನ ಕೆಳಗೆ ತೂರ್ಬೇಕು ಅಂತೀಯ. ಒಳ್ಳೆ ಶರ್ಟು ಯಾಕೆ ಹಾಳು ಮಾಡ್ಕೋತೀಯ? ಕೋಟು ಇರ್ಲಿ." ಹೀಗೆ ಇಬ್ಬರು ಹಲ್ಲಿನ ಡಾಕ್ಟರುಗಳು ಮಂಡಿಯ ತನಕ ಬಿಳಿ ಕೋಟು ತೊಟ್ಟು, ಜೇಬಿನಲ್ಲಿ ಬಾಯಿಗನ್ನಡಿಯನ್ನೂ ಕೆರೆಯುವ ಕೊಕ್ಕೆಯನ್ನೂ ಇಟ್ಟುಕೊಂಡು ಬಸ್ಸು ಹತ್ತಿದರು. ಮುಂದೆ ಆದ ಅನಾಹುತಕ್ಕೆಲ್ಲ ಕಾರಣ ಆ ಕೋಟುಗಳೇ. ಅಳಿಯ ಡಾಕ್ಟರು ಇಂದಿಗೂ ಹಾಗೆಯೇ ಹೇಳುತ್ತಾರೆ. ಮಾವ ಒಪ್ಪುವುದಿಲ್ಲ.

ಮಾರುವವನು ಈಜು ಮೇಷ್ಟ್ರು. ಕೊರಳಲ್ಲಿ ಸೀಟಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಯೆಲ್ಲ ಈಜುಕೊಳದ ಔಷಧಿಯ ವಾಸನೆ. ನೀರಿನಾಚೆ ಇರುವವರೊಡನೆ ಮಾತಾಡಿ ಅಭ್ಯಾಸವಾಗಿ ಎದುರಿಗಿದ್ದವರೊಡನೆಯೂ ಕೂಗಿಯೇ ಮಾತಾಡುತ್ತಿದ್ದ. ಕೂಗು ಸಾಲದಾದಾಗ ಸೀಟಿ ಊದುತ್ತಿದ್ದ. ಇಕ್ಕಟ್ಟಾದ ಬೀದಿ; ಎರಡೂ ಕಡೆ ಒಂದಕ್ಕೊಂದು ಅಂಟಿದ ಮನೆಗಳು. ಅವನ ಮನೆಯ ಮುಂದೆ, ಗೋಡೆಯ ನೆರಳಿನಲ್ಲಿ, ಕಾರು ನಿಂತಿತ್ತು.

ಅದನ್ನು ಕಂಡು ಅಳಿಯ ಡಾಕ್ಟರಿಗೆ ಸಂತೋಷವಾಯಿತು. ಮುಚ್ಚುಮರೆಯಿಲ್ಲದ ಸಂತೋಷ, ಒಂದು ಉಸಿರಿನಷ್ಟು ಹೊತ್ತು ಇತ್ತು.

"ಇಷ್ಟು ಗಿಡ್ಡ!" ಎಂದರು ಮಾವ.

ಅಳಿಯ ಡಾಕ್ಟರು ಹಲ್ಲು ಕಚ್ಚಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬಿಸಿಯಿತ್ತು. ಅವರ ಹುಬ್ಬು ಮೇಲೇರಿತು. ಇಂಥ ಕಾರನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು, ಎಂಜಿನ್ನಿನ ಕೆಮ್ಮು ದಮ್ಮುಗಳೆಲ್ಲ ಆಗಲೇ ಗೊತ್ತಾಗುವುದು. ಮಾರುವವನು ಮೊದಲೇ ಬಿಸಿ ಮಾಡಿಟ್ಟನೆಂದರೆ ಏನನ್ನೋ ಅಡಗಿಸುತ್ತಿದ್ದಾನೆ ಎಂದೇ ಅರ್ಥ.

"ಯಾಕ್ರೀ ಬಿಸಿ ಇದೆ?"

"ಬಿಸಿಲು ಸಾರ್!" ಎಂದು ಈಜು ಮೇಷ್ಟ್ರು ಕೂಗಿದ.

"ಕಾರು ನೆರಳಲ್ಲಿದೆಯಲ್ರೀ!"

"ಈಗ ನೆರಳು ಸಾರ್. ಮೊದ್ಲು ಬಿಸಿಲಿತ್ತು. ಸೂರ್ಯ ಏನು ನನ್ನ ಮಾತು ಕೇಳ್ತಾನಾ?"

ಮಾವ ಅಳಿಯನನ್ನು ಪಕ್ಕಕ್ಕೆ ತಳ್ಳಿ ತಾವೂ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಜ್ವರ ಇದೆ" ಎಂದು ತೀರ್ಪು ಕೊಟ್ಟರು.

ಮುಂದಿನದು ದೀಪ. ಗುಂಡಿ ಒತ್ತಿದರೆ ಎಡದ ದೀಪ ಠಣ್ಣನೆ ಎದ್ದು ನಿಂತಿತು. ಬಲದ್ದು ಅರ್ಧ ಎದ್ದು, ಯೋಚಿಸಿ, ಅಲ್ಲೇ ನಿಂತಿತು. ಕಾರು ಅಳಿಯ ಡಾಕ್ಟರಿಗೆ ಕಣ್ಣು ಹೊಡೆಯುತ್ತಿದ್ದ ಹಾಗೆ ಕಂಡಿತು. "ಅದರ ಸ್ಟೈಲೇ ಹಾಗೆ ಸಾರ್" ಎಂದ ಮೇಷ್ಟ್ರು. ಎಂಜಿನ್ ಚಾಲೂ ಮಾಡಿದರೆ ಒಳಗೆ ಯಾರೋ ಟೈಪು ಹೊಡೆಯುವ ಸದ್ದು, ಹಿಂದಿನಿಂದ ನೀಲಿ ಹೊಗೆ. "ಎಣ್ಣೆ ಕುಡೀತಿದೆ!" ಎಂದು ಅಳಿಯ ಡಾಕ್ಟರು ಗುಡುಗಿದರು. "ಸ್ವಲ್ಪ ಕುಡಿಯುತ್ತೆ. ಈ ಕಾಲದಲ್ಲಿ ಯಾರು ಕುಡಿಯಲ್ಲ ಹೇಳಿ ಸಾರ್?" ಎಂದ ಮೇಷ್ಟ್ರು. ಒಂದನೆಯ ಗೇರಿನಿಂದ ಎರಡಕ್ಕೆ ಹಾಕಿದರೆ ಡಬ್ಬಿಯಲ್ಲಿ ಕಲ್ಲು ಕುಲುಕಿದ ಸದ್ದು. "ಎರಡನೇದಕ್ಕೆ ಯಾಕೆ ಹೋಗ್ತೀರಾ? ಒಂದರಿಂದ ನೇರ ಮೂರಕ್ಕೆ ಹಾಕಿ. ನಾನು ಹಾಗೇ ಓಡಿಸೋದು." ಸೀಟಿನ ಕೆಳಗಿನ ಜಮಖಾನೆ ಮುಟ್ಟಿದರೆ ಒದ್ದೆ. ಚಾವಣಿಯ ಬಟ್ಟೆಯ ಮೇಲೆ ಬಿದ್ದ ನೀರು ಹೋಗಬೇಕಾದ ಕೊಳವೆಗಳು ಕಸ ಕಟ್ಟಿ, ನೀರೆಲ್ಲ ಒಳಗಿಳಿದಿದೆ ಎಂದು ಅಳಿಯ ಡಾಕ್ಟರಿಗೆ ಕೂಡಲೇ ತಿಳಿಯಿತು.

"ಇದೇನ್ರೀ ಇದು, ಕೆರೆ?"

"ನಾನು ಈಜು ಮೇಷ್ಟ್ರು ಸಾರ್! ಒದ್ದೆ ಚಡ್ಡಿ ಇಡ್ತೀನಿ!"

ಒಂದೊಂದು ಸುಳ್ಳಿಗೂ ಅಳಿಯ ಡಾಕ್ಟರ ಪಿತ್ತ ಒಂದೊಂದು ಮೆಟ್ಟಿಲು ಏರುತ್ತಿತ್ತು. ವಿಚಿತ್ರವೆಂದರೆ ಕಾರಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಪಾಪದ ಜೀವ, ಯಾರ ಯಾರದೋ ಕೈಗೆ ಸಿಕ್ಕು ಹೀಗಾಗಿದೆ ಎಂದು ಕರುಳು ಚುರುಕ್ಕೆನ್ನುತ್ತಿತ್ತು. ಅದೇ ಹೊತ್ತಿಗೆ ಅವರ ಕಣ್ಣು ಬಾಗಿಲ ಕೆಳಗಿನ ತಗಡಿನ ಪಟ್ಟಿಯ ಮೇಲೆ, ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ, ಬಿತ್ತು. ಅಲ್ಲಿ ಬಣ್ಣ ಗುಳ್ಳೆಯೆದ್ದಿತ್ತು. ಸಣ್ಣದು, ಸಾಸಿವೆಯಷ್ಟು.

ಬೇರೆ ಯಾರೇ ಆಗಿದ್ದರೂ ಗುಳ್ಳೆ ನೋಡಿ, ತುಕ್ಕು ಹಿಡಿದಿದೆ ಎಂದು ತಲೆಯಾಡಿಸಿ, ನಮಸ್ಕಾರ ಹೇಳಿ ಹೊರಟುಹೋಗುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಅದು ಸಾಧ್ಯವಿಲ್ಲ. ಹುಳುಕು ಕಂಡ ಮೇಲೆ ಕೆರೆಯದೆ ಬಿಡಲು ಅವರ ಕೈಲಾಗುವುದಿಲ್ಲ. ಅಳಿಯ ಡಾಕ್ಟರು ಬೀದಿಯಲ್ಲಿ ಅಂಗಾತ ಮಲಗಿದರು. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕೊಕ್ಕೆ. ಗುಳ್ಳೆಯನ್ನು ಮೆಲ್ಲಗೆ ಚುಚ್ಚಿದರು. ಕೊಕ್ಕೆ ಒಳಗೆ ಹೋಯಿತು. ಹೋಗುತ್ತಲೇ ಇತ್ತು.

"ಮೃದು ಇದೆ" ಎಂದರು ತಮ್ಮಷ್ಟಕ್ಕೆ.

ಪಕ್ಕದಲ್ಲಿ ದೊಪ್ಪನೆ ಸದ್ದಾಯಿತು. ಮಾವನೂ ಮಲಗಿದ್ದರು. ತಲೆಗೆ ತಲೆ ತಾಗುವಂತೆ ತೂರಿ ಬಂದು ಇಣುಕಿದರು. "ಬೇರಿನ ತನಕ ಹೋಗಿದೆ. ಕಿತ್ತುಬಿಡು."

"ಕೀಳೋದಲ್ಲ ಮಾವ ಇದು. ಕೆರೆದು ತುಂಬೋದು."

"ತುಂಬ್ತಾ ಕೂತ್ರೆ ಬೆಳಗಾಗುತ್ತೆ. ಇಡೀ ಪಟ್ಟಿ ಕಿತ್ತು ಬಿಸಾಕು."

"ಇದು ನನ್ನ ಕಾರು ಮಾವ!"

"ಇನ್ನೂ ತಗೊಂಡಿಲ್ಲ ನೀನು!"

ಬೀದಿಯ ಜನ ಕಂಡದ್ದು ಇಷ್ಟು: ಒಂದು ಹಳೆಯ ಕಾರಿನಡಿಯಿಂದ ನಾಲ್ಕು ಕಾಲುಗಳೂ ಎರಡು ಬಿಳಿ ಕೋಟುಗಳೂ ಹೊರಬಂದಿವೆ, ಒಳಗೆ ಜೋರು ಜೋರಾಗಿ ವಾದ ನಡೆದಿದೆ, ಕೆರೆಯುವ ಸದ್ದು ಕೇಳುತ್ತಿದೆ. ಇದು ಹಳೆಯ ಗಾಡಿಗಳನ್ನು ಜಪ್ತಿ ಮಾಡುವ ಸರಕಾರಿ ತಪಾಸಣೆಯಲ್ಲದೆ ಮತ್ತೇನಾಗಿರಲು ಸಾಧ್ಯ? ಎದುರುಮನೆಯ ನಿವೃತ್ತ ಗುಮಾಸ್ತರು ಮೊದಲು ಬಂದರು. ಜೀವನವಿಡೀ ಸಾಹೇಬರುಗಳನ್ನು ಕಂಡವರಾದ್ದರಿಂದ ಕಾಲಿನಿಂದಲೇ ಸಾಹೇಬರನ್ನು ಗುರುತಿಸಬಲ್ಲರು. ಮಾವನ ಬೂಟಿನ ಮುಂದೆ ಕೈಕಟ್ಟಿ ನಿಂತರು.

"ಸಾಹೇಬ್ರೇ, ಹಳೇ ಗಾಡಿಗಳ ತಪಾಸಣೆನಾ?"

ಮಾವ ಹೊರಗೆ ಬಂದು ಎದ್ದು ನಿಂತರು. ಅವರನ್ನು ಎಷ್ಟೋ ಜನ ಡಾಕ್ಟರೇ ಎಂದಿದ್ದರು, ಅನೇಕರು ನೋವಿನಲ್ಲಿ ಬೇರೆ ಏನೇನೋ ಅಂದಿದ್ದರು, ಆದರೆ ಸಾಹೇಬರೇ ಎಂದು ಯಾರೂ ಅಂದಿರಲಿಲ್ಲ. ಮಾತು ಹಿತವಾಗಿತ್ತು.

"ಹೌದು, ತಪಾಸಣೆ ನಡೀತಿದೆ" ಎಂದರು ಗಂಭೀರವಾಗಿ. ಇದರಲ್ಲಿ ಸುಳ್ಳಿನ ಅಂಶವೇನೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಗುಮಾಸ್ತರು ಧ್ವನಿ ತಗ್ಗಿಸಿದರು. "ಮೊದ್ಲು ಆ ಲಾಂಡ್ರಿಯವನ ವ್ಯಾನು ನೋಡಿ ಸಾಹೇಬ್ರೇ. ಏನ್ ಹೊಗೆ ಅಂತೀರಿ! ನಮ್ಮನೆ ಗೋಡೆ ನೋಡಿ, ಹೆಂಗಾಗಿದೆ."

"ನೋಡೋಣ. ಒಂದೊಂದಾಗಿ ನೋಡೋಣ" ಎಂದರು ಮಾವ, ಕೈ ಹಿಂದೆ ಕಟ್ಟಿ.

ಸುದ್ದಿ ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ವಾಪಸು ಬಂತು. ಪಕ್ಕದ ಮನೆಯ ಸ್ಕೂಟರಿನ ಹೆಂಗಸು ಅವಸರವಸರವಾಗಿ ತನ್ನ ಹಳೆಯ ಸ್ಕೂಟರನ್ನು ಮೆಟ್ಟಿಲು ಹತ್ತಿಸಿ ಮನೆಯೊಳಗೆ ತಳ್ಳತೊಡಗಿದಳು. ಅದು ಬಾಗಿಲು ದಾಟಿ ನಡುಮನೆಯ ಓಣಿಯಲ್ಲಿ ಕಪಾಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಲಾಂಡ್ರಿಯವನು ಬಂದು, ಹೊಗೆಯ ಮಾತೆತ್ತಿದವನು ಯಾರು ಎಂದು ಗುಮಾಸ್ತರ ಕೊರಳಪಟ್ಟಿಗೆ ಕೈ ಹಾಕಿದ. ಈಜು ಮೇಷ್ಟ್ರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಕೊಳ್ಳಲು ಬಂದವರ ಮುಂದೆ ಬೀದಿಯೆಲ್ಲ ಯಾಕೆ ಕೈಮುಗಿಯುತ್ತಿದೆ? ಪೀ ಎಂದು ಸೀಟಿ ಊದಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಗದ್ದಲದಲ್ಲಿ ಕಾರಿನಡಿಯಲ್ಲಿದ್ದವರನ್ನು ಎಲ್ಲರೂ ಮರೆತಿದ್ದರು.

ಅಳಿಯ ಡಾಕ್ಟರು ಕೆರೆಯುತ್ತಿದ್ದರು. ಬಣ್ಣದ ಪೊರೆ ಕಳಚಿತು. ಅದರಡಿಯಲ್ಲಿ ತಗಡಿಗೆ ಬದಲು, ತೂತು ಮುಚ್ಚಲು ಮೆತ್ತುವ ಬೂದು ಬಣ್ಣದ ಪುಟ್ಟಿಯಿತ್ತು. ಪುಟ್ಟಿಯನ್ನು ಕೆದಕಿದರೆ ಅಂಗೈಯಗಲದ ಚಕ್ಕೆಯೊಂದು ಅವರ ಎದೆಯ ಮೇಲೆ ಬಿತ್ತು. ಯಾರೋ ತುಕ್ಕನ್ನು ತೆಗೆಯದೆ, ಒಂದು ಸಲ ಒರೆಸುವ ಗೋಜಿಗೂ ಹೋಗದೆ, ಮೇಲೆ ಪುಟ್ಟಿ ಬಳಿದು ಬಣ್ಣ ಹಚ್ಚಿದ್ದರು. ಅಳಿಯ ಡಾಕ್ಟರ ಮೈ ಉರಿದುಹೋಯಿತು. ಹುಳುಕು ತೆಗೆಯದೆ ತುಂಬುವುದೇ! ಇದನ್ನು ಮಾಡಿದವನಿಗೆ ತಾಯಿ ತಂದೆ ಇರಲಿಲ್ಲವೇ! ಅವರು ಇನ್ನಷ್ಟು ಕೆರೆದರು. ಗಟ್ಟಿ ತಗಡು ಸಿಗುವ ತನಕ ನಿಲ್ಲಿಸುವ ಹಾಗಿಲ್ಲ, ಅದು ನಿಯಮ. ಪಟ್ಟಿ ಮುಗಿಯಿತು, ಸಿಗಲಿಲ್ಲ. ಒಳಗಿನ ಮಡಿಕೆ ಮುಗಿಯಿತು, ಸಿಗಲಿಲ್ಲ. ಪಕ್ಕದ ಸೀಟಿನ ಮುಂದಿನ ನೆಲಕ್ಕೆ ಬಂದರು. ಬೂದು ಪುಡಿಯೂ ಕೆಂಪು ಪುಡಿಯೂ ಕಣ್ಣು ಮೂಗು ತುಂಬಿದವು. ಕೊನೆಗೊಮ್ಮೆ ಕೊಕ್ಕೆ ಟಣ್ ಎಂದಿತು. ಸುತ್ತಲೂ ತಟ್ಟಿ ನೋಡಿದರು. ಟಣ್, ಟಣ್, ಟಣ್. ಅಂಚನ್ನು ಒಂದೇ ಸಮ ನಯ ಮಾಡಿದರು. ಆಮೇಲೆ ಆ ತೂತಿನ ಮೂಲಕ ಕಾರಿನ ಒಳಗನ್ನೂ, ಚಾವಣಿ ಮಡಚಿದ್ದರಿಂದ ಅದರಾಚೆಯ ಆಕಾಶವನ್ನೂ ನೋಡಿದರು. ಸಣ್ಣ ಕುಂಬಳಕಾಯಿ ಸಲೀಸಾಗಿ ಹೋಗಬಹುದಾದ ತೂತು.

ಕೆಲಸ ಚೆನ್ನಾಗಿ ಆಗಿತ್ತು. ಇನ್ನು ತುಂಬಬೇಕು ಎಂದುಕೊಂಡ ಮೇಲೆ, ಇದು ಹಲ್ಲಲ್ಲ, ಇದು ತನ್ನದೂ ಅಲ್ಲ ಎಂಬುದು ನೆನಪಿಗೆ ಬಂತು.

ಅವರು ಕೆಂಪು ಪುಡಿ ಮೆತ್ತಿದ ಮುಖ ಹೊತ್ತು ಹೊರಗೆ ತೆವಳಿ ಬರುವುದಕ್ಕೂ ಟ್ರಾಫಿಕ್ ಪೊಲೀಸ್ ಬರುವುದಕ್ಕೂ ಸರಿಹೋಯಿತು. ಪೊಲೀಸ್ ಕೋಟುಗಳನ್ನು ನೋಡಿ ಗಕ್ಕನೆ ನಿಂತು ಮಾವನಿಗೆ ಸೆಲ್ಯೂಟ್ ಹೊಡೆದ.

"ನಮಗೆ ಮೊದ್ಲೇ ತಿಳಿಸಿದ್ರೆ ಬಂದೋಬಸ್ತು ಮಾಡ್ತಿದ್ವಿ ಸಾರ್."

"ಪರವಾಗಿಲ್ಲ" ಎಂದರು ಮಾವ. "ಈ ಜನಾನ ಸ್ವಲ್ಪ ಹಿಂದೆ ಸರಿಸಿ."

"ಹಿಂದೆ ಸರೀರೀ!" ಎಂದು ಪೊಲೀಸ್ ಬಾಯಿ ಅಗಲಿಸಿ ಅಬ್ಬರಿಸಿದ.

ಮಾವನ ಮುಖ ಬದಲಾಯಿತು. ಸಾಹೇಬತನವೆಲ್ಲ ಒಂದು ಕ್ಷಣದಲ್ಲಿ ಮಂಗಮಾಯ. "ಮುಚ್ಬೇಡಿ! ಹಾಗೇ ಇರಿ!" ಎಂದು ಮುಂದೆ ಹಾರಿ, ಅಳಿಯನ ಕೈಯಿಂದ ಕನ್ನಡಿ ಕಸಿದು, ಪೊಲೀಸಿನ ಬಾಯೊಳಗೆ ತೂರಿಸಿದರು. "ಕೆಳಗಡೆ, ಎಡಕ್ಕೆ, ಕೊನೇ ಹಲ್ಲು. ಎಷ್ಟು ದಿನದಿಂದ ನೋಯ್ತಿದೆ? ಉಳಿಯಲ್ಲ ಇದು. ಕಿತ್ತುಬಿಡೋಣ."

"ಮಾವ! ಅದು ಕಾರಿನ ಕೆಳಗಿದ್ದ ಕನ್ನಡಿ!"

ಪೊಲೀಸ್ ಉಗಿದ. ಕೆಂಪಾಗಿ ಉಗಿದ, ಬೂದಾಗಿ ಉಗಿದ, ಆಮೇಲೆ ತಲೆಯೆತ್ತಿದ.

"ಯಾವ ಇಲಾಖೆ ನೀವು?"

ಬೀದಿಯವರೆಲ್ಲ ಮಾವನ ಕಡೆ ತಿರುಗಿದರು.

"ಹಲ್ಲು" ಎಂದರು ಮಾವ.

ಆಮೇಲೆ ಆದ ಗಲಾಟೆಯನ್ನು ಸರಿಯಾಗಿ ವರ್ಣಿಸಲು ನಾಲ್ಕೈದು ಬಾಯಿ ಬೇಕು. ತನ್ನ ಸೆಲ್ಯೂಟ್ ವಾಪಸು ಕೊಡಿ ಎಂಬಂತೆ ಪೊಲೀಸ್ ಕುಣಿದ. ಗುಮಾಸ್ತರು, ತಾವು ಕೈಕಟ್ಟಿ ನಿಂತದ್ದು ಹಲ್ಲು ಕೀಳುವವನ ಮುಂದೆ ಎಂದು ತಿಳಿದು ಲಾಂಡ್ರಿಯವನ ಜೊತೆ ರಾಜಿಯಾಗಿ, ಇಬ್ಬರೂ ಒಟ್ಟಾಗಿ ಮಾವನ ಮೇಲೆ ಏರಿ ಬಂದರು. "ನನ್ನ ಸ್ಕೂಟರು ತೆಗೆದು ಕೊಡ್ರೀ! ಅಡಿಗೆಮನೆಗೆ ಹೋಗೋಕೆ ದಾರಿ ಇಲ್ಲ ನನಗೆ!" ಎಂದು ಸ್ಕೂಟರಿನ ಹೆಂಗಸು ಕಿಟಕಿಯಿಂದ ಕಿರುಚಿದಳು. ಈಜು ಮೇಷ್ಟ್ರು ಆಗಷ್ಟೇ ಬಗ್ಗಿ ತನ್ನ ಕಾರನ್ನು ನೋಡಿದ್ದ. ಸೀಟಿಯನ್ನು ಉಸಿರು ಕಟ್ಟುವ ತನಕ ಊದಿದ.

"ತೂತು! ನನ್ನ ಕಾರಿಗೆ ತೂತು ಕೊರೆದಿದಾರೆ! ಸಾರ್, ಕೇಸ್ ಹಾಕಿ! ಗಟ್ಟಿಮುಟ್ಟಾದ ಕಾರು!"

"ಗಟ್ಟಿಮುಟ್ಟಾದ ಕಾರಾ!" ಅಳಿಯ ಡಾಕ್ಟರ ಧ್ವನಿ ಕೇಳಿ ಅವರಿಗೇ ಗಾಬರಿಯಾಯಿತು. ಮುಖಕ್ಕೆ ಕಟ್ಟಿದ ಬಟ್ಟೆಯಿಲ್ಲದೆ ಆ ಧ್ವನಿ ಹೊರಬಿದ್ದದ್ದು ಅದೇ ಮೊದಲು. "ಹುಳುಕಿನ ಮೇಲೆ ಪುಟ್ಟಿ ಮೆತ್ತಿ ಮಾರ್ತೀಯೇನಯ್ಯಾ! ನಾಚಿಕೆ ಆಗಲ್ವಾ! ಒಳಗೆಲ್ಲ ಪುಡಿಪುಡಿ! ಇದನ್ನ ತುಂಬಿದವನು ಯಾರು, ಕರೀ ಅವನನ್ನ, ಅವನ ಕೈ ನೋಡ್ಬೇಕು ನಾನು!"

"ನಾನೇ ತುಂಬಿದ್ದು!" ಎಂದು ಮೇಷ್ಟ್ರು ಕೂಗಿಬಿಟ್ಟು, ನಾಲಿಗೆ ಕಚ್ಚಿಕೊಂಡ.

ಮಾವ ಅಳಿಯನ ತೋಳು ಹಿಡಿದರು. ಬೀದಿಯಲ್ಲಿ ಮಾನ ಹೋದ ಮೇಲೆ ಅವರಿಗೆ ಮನೆ ನೆನಪಾಗಿತ್ತು. "ಬಾಯಿ ಮುಚ್ಕೊಂಡು ನಡಿ. ಒಂದು ಕ್ಷಮೆ ಕೇಳು, ಹೊರಡೋಣ. ಹಾಳಾದ್ದನ್ನ ಇಲ್ಲೇ ಬಿಡು. ನಿನಗೆ ನಾನೇ ಒಂದು ನೋಡಿಟ್ಟಿದೀನಿ. ಬೂದು ಬಣ್ಣದ್ದು. ನಾಲ್ಕು ಬಾಗಿಲು. ಹಿಂದೆ ಕೂತ್ರೂ ಕಾಲು ಚಾಚಬಹುದು ನನಗೆ."

ಬೂದು ಬಣ್ಣದ್ದು, ನಾಲ್ಕು ಬಾಗಿಲು. ಹಿಂದಿನ ಸೀಟಿನಲ್ಲಿ ಕಾಲು ಚಾಚಿದ ಮಾವ ತನ್ನ ಭುಜದ ಮೇಲಿಂದ ಬಗ್ಗಿ, ಬ್ರೇಕು ಹಾಕು, ಹಾರನ್ ಮಾಡು ಎನ್ನುತ್ತಿರುವುದು ಅಳಿಯ ಡಾಕ್ಟರಿಗೆ ಕಣ್ಣಿಗೆ ಕಟ್ಟಿತು. ಅವರು ತೋಳು ಕೊಡವಿಕೊಂಡರು.

"ಇದನ್ನೇ ತಗೋತೀನಿ."

"ಏನಂದೆ?"

"ಎಂಜಿನ್ ಬಿಸಿ ಮಾಡಿಟ್ಟಿದ್ದ, ಗೊತ್ತು. ಎಣ್ಣೆ ಕುಡಿಯುತ್ತೆ, ಗೊತ್ತು. ಎರಡನೇ ಗೇರು ಬೀಳಲ್ಲ, ಒಂದು ಕಣ್ಣು ಏಳಲ್ಲ, ಮಳೆ ಬಂದ್ರೆ ಒಳಗೆ ಕೆರೆ, ನೆಲ ಇಲ್ಲ. ಎಲ್ಲಾ ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ತಗೋತೀನಿ. ನನಗೆ ಇದೇ ಬೇಕು!"

ಈಗ ಈಜು ಮೇಷ್ಟ್ರಿಗೆ ಅನುಮಾನ ಹುಟ್ಟಿತು. ಕಣ್ಣು ಕಿರಿದು ಮಾಡಿ ಕಾರನ್ನೂ ಅಳಿಯ ಡಾಕ್ಟರನ್ನೂ ನೋಡಿದ. "ಇಷ್ಟೆಲ್ಲಾ ತಿಳಿದೂ ತಗೋತೀರಾ ಅಂದ್ರೆ ಇದರಲ್ಲಿ ಏನೋ ಇದೆ. ನಾನು ಕೊಡಲ್ಲ."

ಅಳಿಯ ಡಾಕ್ಟರು ಕೊಕ್ಕೆ ಎತ್ತಿ ಹಿಡಿದರು. ಪೊಲೀಸ್ ಇಬ್ಬರ ನಡುವೆ ಬಂದ. "ಕೊಡ್ತೀಯ! ಈಗ್ಲೇ ಕೊಡ್ತೀಯ! ಇವರಿಬ್ರೂ ಈ ಬೀದಿ ಬಿಟ್ಟು ತೊಲಗ್ಬೇಕು, ಇಲ್ದಿದ್ರೆ ಮೂವರನ್ನೂ ಒಳಗೆ ಹಾಕ್ತೀನಿ!" ಎಂದು ದವಡೆ ಒತ್ತಿ ಹಿಡಿದುಕೊಂಡು ಗರ್ಜಿಸಿದ. ಹಲ್ಲು ನಿಜಕ್ಕೂ ನೋಯುತ್ತಿತ್ತು. ವ್ಯವಹಾರ ಕಾರಿನ ಬಾನೆಟ್ಟಿನ ಮೇಲೆಯೇ ಮುಗಿಯಿತು. ಬಾನೆಟ್ಟು ಇನ್ನೂ ಬಿಸಿಯಿತ್ತು.

ವಾಪಸು ಬಸ್ಸಿನಲ್ಲಿ ಒಬ್ಬರೇ ಬರಲು ಮಾವ ಒಪ್ಪಲಿಲ್ಲ. ಪಕ್ಕದ ಸೀಟಿನಲ್ಲಿ ಕೂತರು. ಕಾಲಿಡಲು ನೋಡಿದರೆ ಕಾಲ ಕೆಳಗೆ ಡಾಂಬರು ರಸ್ತೆ ಓಡುತ್ತಿತ್ತು. ಮಂಡಿಗಳನ್ನು ಗಲ್ಲಕ್ಕೆ ತಾಗಿಸಿ, ಎರಡೂ ಕೈಯಲ್ಲಿ ತಮ್ಮ ಕಾಲು ತಾವೇ ಹಿಡಿದುಕೊಂಡು ಕೂತರು. ಅಷ್ಟಾದರೂ ಬಾಯಿಗೆ ಬೀಗವಿರಲಿಲ್ಲ. ಎಡಕ್ಕೆ ತಗೋ, ಒಂದರಿಂದ ಮೂರಕ್ಕೆ ಹಾಕು, ಆ ಲಾರಿ ನೋಡು ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು. ಒಂದು ಕೆಸರಿನ ಹೊಂಡ ಬಂದಾಗ ಮಾತ್ರ ಮಾತು ಅರ್ಧಕ್ಕೆ ನಿಂತಿತು. ಅಳಿಯ ಡಾಕ್ಟರು ಇನ್ನೊಂದು ಹೊಂಡ ಸಿಗುತ್ತದೋ ಎಂದು ರಸ್ತೆಯನ್ನು ಹುಡುಕುತ್ತ ಓಡಿಸಿದರು.

ಕ್ಲಿನಿಕ್ಕಿನ ಮುಂದೆ ಕಾರು ನಿಂತಾಗ ಅದರ ಸದ್ದಿಗೇ ಅರ್ಧ ಬೀದಿ ಹೊರಗೆ ಬಂದಿತ್ತು. ಔಷಧಿ ಅಂಗಡಿಯವನು ಅಂಗಡಿ ಬಿಟ್ಟು ಬಂದ. ಕೆನ್ನೆ ಊದಿಸಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದ ರೋಗಿಯೊಬ್ಬ ನೋವು ಮರೆತು ಎದ್ದು ನಿಂತ. ಅಳಿಯ ಡಾಕ್ಟರು ಎಂಜಿನ್ ಆರಿಸಿ, ಇಳಿದು, ಕಾರಿನ ಮೇಲೆ ಒಂದು ಕೈಯಿಟ್ಟು ನಿಂತರು. ಏನು ಹೇಳಬೇಕೆಂದು ಅವರು ದಾರಿಯಲ್ಲೇ ಯೋಚಿಸಿಟ್ಟಿದ್ದರು. ನಾನು ತಗೊಂಡೆ. ಇಷ್ಟೇ.

ಅಷ್ಟರಲ್ಲಿ ಮಾವ ಇನ್ನೊಂದು ಬಾಗಿಲಿನಿಂದ ಇಳಿದು, ಪ್ಯಾಂಟಿನ ಕೆಸರು ಕೊಡವಿ, ಕೋಟು ಎಳೆದುಕೊಂಡರು.

"ಡಾಕ್ಟ್ರೇ, ಭಾರೀ ಕಾರು!" ಎಂದ ಔಷಧಿ ಅಂಗಡಿಯವನು. "ಯಾರ ಆಯ್ಕೆ?"

"ಯಾರದು ಅಂದ್ರೆ?" ಮಾವ ನಕ್ಕರು. "ಇವನಿಗೆ ಬಿಟ್ಟಿದ್ರೆ ಮೋಸ ಹೋಗ್ತಿದ್ದ. ಬಾನೆಟ್ ಮೇಲೆ ಕೈ ಇಟ್ಟ ಕೂಡ್ಲೇ ನನಗೆ ಗೊತ್ತಾಯ್ತು. ನಾನೇ ಹುಡುಕಿ, ನೋಡಿ, ತೆಗೆಸ್ದೆ."

ಅಳಿಯ ಡಾಕ್ಟರು ಕಾರಿನ ಮೇಲಿಟ್ಟ ಕೈ ತೆಗೆದರು. ಕ್ಲಿನಿಕ್ಕು ಹೋಯಿತು, ಮನೆ ಹೋಯಿತು, ಈಗ ಇದೂ ಹೋಯಿತು. ಬೀದಿಯವರೆಲ್ಲ ತಲೆಯಾಡಿಸುತ್ತಿದ್ದರು. ಡಾಕ್ಟರ ಕಾರು ಎಂದು ಇವರೆಲ್ಲ ನಾಳೆಯಿಂದ ಹೇಳುತ್ತಾರೆ. ಅಳಿಯ ಡಾಕ್ಟರು ಓಡಿಸುತ್ತಾರೆ ಎನ್ನುತ್ತಾರೆ.

"ಇದೇನ್ ಡಾಕ್ಟ್ರೇ ಇಲ್ಲಿ?" ಔಷಧಿ ಅಂಗಡಿಯವನು ಬಾಗಿಲೊಳಗೆ ಬಗ್ಗಿ ನೋಡಿದ್ದ. "ಇಷ್ಟು ದೊಡ್ಡ ತೂತು!"

"ಅದಾ? ಅದಕ್ಕೂ ನನಗೂ ಸಂಬಂಧ ಇಲ್ಲ" ಎಂದರು ಮಾವ. "ಅದು ಅಳಿಯ ಮಾಡಿದ್ದು."

"ಹೌದು!"

ಜನ ಬೆಚ್ಚಿ ತಿರುಗಿದರು.

"ಹೌದು! ತೂತು ನಂದು!" ಅಳಿಯ ಡಾಕ್ಟರ ಮುಖ ತುಕ್ಕಿನ ಪುಡಿಯಡಿಯಲ್ಲಿ ಇನ್ನಷ್ಟು ಕೆಂಪಾಗಿತ್ತು. "ನಾನೇ ಕೊರೆದಿದ್ದು! ಇವರ ಕೈ ಸೋಕಿಲ್ಲ ಅದಕ್ಕೆ! ನಾನು ಕೊರೆಯೋವಾಗ ಇವರು ಸಾಹೇಬರಾಗಿ ಮೆರೀತಿದ್ರು! ಬನ್ನಿ, ನೋಡಿ, ಎಲ್ಲಾರೂ ನೋಡಿ! ಅಂಚು ಮುಟ್ಟಿ ನೋಡಿ, ಎಷ್ಟು ನಯವಾಗಿದೆ! ಒಂದು ಚೂರು ಹುಳುಕು ಬಿಟ್ಟಿದ್ರೆ ಹೇಳಿ! ಇಷ್ಟು ವರ್ಷ ಈ ಮನೇಲಿದೀನಿ, ನಾನೇ ಮಾಡಿದ್ದು ಅಂತ ಇರೋದು ಇದೊಂದೇ. ಇದೂ ಡಾಕ್ಟ್ರದ್ದು ಅಂತ ಯಾರಾದ್ರೂ ಬಾಯಿ ಬಿಟ್ರೆ, ನೋಡಿ ಮತ್ತೆ, ಅವರ ಒಂದು ಹಲ್ಲೂ ಉಳಿಯಲ್ಲ, ನಾನೂ ಕೀಳೋಕೆ ಶುರು ಮಾಡ್ತೀನಿ!"

ಯಾರೂ ಬಾಯಿ ಬಿಡಲಿಲ್ಲ. ಊದಿದ ಕೆನ್ನೆಯ ರೋಗಿ ತನ್ನ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಮನೆಯ ಕಡೆ ನಡೆದ.

ಮೇಲಿನ ಮನೆಯ ಮೆಟ್ಟಿಲಿನಿಂದ ಹೆಂಡತಿ ಇಳಿದು ಬಂದರು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ, ಎಷ್ಟು ಕೇಳಿಸಿಕೊಂಡಿದ್ದರೋ. ಅಪ್ಪನ ಪಕ್ಕದಿಂದ ಹಾದು, ಕಾರಿನ ಆಚೆ ಬದಿಗೆ ಬಂದು, ಬಗ್ಗಿ ತೂತನ್ನು ನೋಡಿದರು. ಅಂಚಿನ ಸುತ್ತ ಒಂದು ಬೆರಳು ಆಡಿಸಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಸೀಟಿನಲ್ಲಿ ಕೂತು, ಒಂದು ಕಾಲು ತೂತಿನ ಈ ಕಡೆ, ಇನ್ನೊಂದು ಆ ಕಡೆ ಇಟ್ಟುಕೊಂಡರು.

"ಒಂದು ಸುತ್ತು ಹೋಗೋಣ. ಎಲ್ಲಿಗಾದ್ರೂ" ಎಂದರು ಗಂಡನಿಗೆ.

ಅಳಿಯ ಡಾಕ್ಟರು ಇನ್ನೂ ಸಿಟ್ಟಿನಲ್ಲೇ ಇದ್ದರು. ಸಿಟ್ಟಿನಲ್ಲೇ ಬಂದು ಕೂತು, ಸಿಟ್ಟಿನಲ್ಲೇ ಎಂಜಿನ್ ಚಾಲೂ ಮಾಡಿದರು. ಬೀದಿ ನೀಲಿಯಾಯಿತು. ಮಾವ ಅಭ್ಯಾಸಬಲದಿಂದ ಹತ್ತಿರ ಬಂದು, ತೆರೆದಿದ್ದ ಬಾಗಿಲಿನ ಮೇಲೆ ಕೈಯೂರಿ, ಮಗಳ ಭುಜದ ಮೇಲಿಂದ ಒಳಕ್ಕೆ ಬಗ್ಗಿದರು.

"ಗೇರು ಒಂದರಿಂದ..."

"ಅಪ್ಪ," ಎಂದರು ಮಗಳು, "ಬಾಗಿಲು ಹಾಕಿ."

ಮಾವ ಮಗಳ ಮುಖ ನೋಡಿದರು. ಹಿಂದೆ ಸರಿದು ಬಾಗಿಲು ಹಾಕಿದರು.